ಮೈದುನನ ಎದೆಯ ಸರ್ಪಸುತ್ತು

ದುಬೈಯಿಂದ ರಜೆಯಲ್ಲಿ ಬಂದ ನನ್ನ ಮೈದುನನಿಗೆ ಹೆಣ್ಣು ತೋರಿಸುವುದು ಧರ್ಮಸ್ಥಳದಲ್ಲಿ ಎಂದು ದೊಡ್ಡವರು ನಿಶ್ಚಯಿಸಿದ್ದರು. ದೇವರನ್ನೂ ನೋಡಿದ ಹಾಗಾಯಿತು, ಹುಡುಗಿಯನ್ನೂ ನೋಡಿದ ಹಾಗಾಯಿತು ಎಂಬ ಲೆಕ್ಕ ನಮ್ಮ ಬಂಟ್ವಾಳದ ಕಡೆ ಹೊಸದಲ್ಲ. ಆದರೆ ದೇವಸ್ಥಾನದೊಳಗೆ ಗಂಡಸರು ಅಂಗಿ ಕಳಚಬೇಕು. ಈ ಮಹಾಶಯನ ಎದೆ ತುಂಬ ಕರಡಿಯ ಹಾಗೆ ಕೂದಲು. ಹುಡುಗಿಯ ಫೋಟೊ ನೋಡಿಯೇ ಸೋತಿದ್ದವನಿಗೆ ಅದೊಂದೇ ಚಿಂತೆ.

ಮೂಡುಬಿದಿರೆಗೆ ಹೋಗಿ ಕೂದಲು ತೆಗೆಯುವ ಕ್ರೀಮು ತಂದ. ಎಷ್ಟು ಹೊತ್ತು ಇಡಬೇಕೆಂದು ಟ್ಯೂಬಿನ ಮೇಲೆ ಬರೆದಿತ್ತು. ಅದು ಹೆಂಗಸರ ಕೂದಲಿಗೆ ಎಂದು ತಾನೇ ತೀರ್ಮಾನಿಸಿ, ದಪ್ಪಗೆ ಮೆತ್ತಿಕೊಂಡು, ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ ಕೂತ. ದುಬೈಯಲ್ಲಿ ಇವನ ಕೆಲಸ ಸೇಫ್ಟಿ ಆಫೀಸರಂತೆ! ಕೂದಲಿನ ಜೊತೆ ಚರ್ಮವೂ ಹೋಯಿತು.

ಮರುದಿನ ಆ ಕೆಂಪು ಬೊಕ್ಕೆಗಳನ್ನು ಕಂಡ ಅತ್ತೆ ಎದೆ ಬಡಿದುಕೊಂಡರು. ಇದು ಸರ್ಪಸುತ್ತು, ನಾಗದೋಷದಿಂದಲೇ ಬಂದದ್ದು, ನಾಗನಿಗೆ ಆಶ್ಲೇಷಾ ಬಲಿ ಪೂಜೆ ಆಗದೆ ಮದುವೆಯ ಮಾತೇ ಇಲ್ಲ ಎಂದರು. ದೋಷದ ಸುದ್ದಿ ಕಿವಿಗೆ ಬಿದ್ದರೆ ಹುಡುಗಿಯ ಕಡೆಯವರು ಹಿಂದೆ ತಿರುಗಿ ನೋಡುವುದಿಲ್ಲ. ಅಷ್ಟಾದರೂ ಇವನು ಬಾಯಿ ಬಿಡಲಿಲ್ಲ. ತಪ್ಪೆಲ್ಲ ಪಾಪದ ನಾಗನ ಮೇಲೆ ಹಾಕಿಬಿಟ್ಟ.

ನಾನೇ ಬಚ್ಚಲಿನಿಂದ ಟ್ಯೂಬು ತಂದು ತೋರಿಸಿದೆ.

"ಅದು ಅತ್ತಿಗೆಯದ್ದು," ಎಂದ ಪುಣ್ಯಾತ್ಮ.

ನನಗೆ ಮೈಯೆಲ್ಲ ಉರಿಯಿತು. ಮದುವೆಯ ಹೊಸತರಲ್ಲಿ ನನ್ನ ಮೇಲ್ತುಟಿ ಇಂಥದ್ದೇ ಕ್ರೀಮಿನಿಂದ ಸುಟ್ಟಾಗ ಅತ್ತೆಗೆ ಯಾವ ನಾಗನೂ ನೆನಪಾಗಿರಲಿಲ್ಲ. ಚಂದ ಮಾಡಲಿಕ್ಕೆ ಹೋದರೆ ಹೀಗೇ ಆಗುವುದು ಎಂದು ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿದ್ದರು. ಮಗನ ಚರ್ಮಕ್ಕೆ ಮಾತ್ರ ದೇವರೇ ಇಳಿದು ಬರಬೇಕು.

ಆದರೂ ನರಳುವವನನ್ನು ನೋಡುತ್ತ ಕೂರಲಾಗಲಿಲ್ಲ. ಅವನು ಹಚ್ಚಿಕೊಂಡಿದ್ದ ಟೂತ್‌ಪೇಸ್ಟು, ಅದರ ಮೇಲೆ ಅತ್ತೆ ಮೆತ್ತಿದ್ದ ಅರಸಿನ ಎಲ್ಲವನ್ನೂ ತಣ್ಣೀರಿನಲ್ಲಿ ತೊಳೆಸಿ, ಎದೆಯ ಮೇಲೆ ಒದ್ದೆ ಬಟ್ಟೆ ಇಡಿಸಿ, ಚರ್ಮದ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಮುಲಾಮು ಕೊಟ್ಟು, ಸಾಬೂನು, ಸೆಂಟು ಮುಟ್ಟಬೇಡ, ಸಡಿಲ ಹತ್ತಿಬಟ್ಟೆ ಹಾಕು ಎಂದರು. ಮೊದಲು ಕೈಯ ಮೇಲೆ ಚೂರು ಹಚ್ಚಿ ನೋಡಬೇಕಿತ್ತು ಎಂದೂ ಬೈದರು. ಮನೆಗೆ ಬಂದು ಹೇಳಿದರೆ ಅತ್ತೆ ನಂಬಲಿಲ್ಲ. ಡಾಕ್ಟರರಿಗೆ ನಾಗನ ವಿಷಯ ಏನು ಗೊತ್ತು ಎಂದರು.

ಹುಡುಗಿಯ ಕಡೆಯವರು ಬೆಳ್ತಂಗಡಿಯಿಂದ ಹೊರಟಾಗಿದ್ದರಿಂದ, ಬಲಿ ಆಮೇಲೆ ಎಂದುಕೊಂಡು ನಾವೂ ಧರ್ಮಸ್ಥಳಕ್ಕೆ ಹೋಗಲೇಬೇಕಾಯಿತು. ಸರತಿ ಸಾಲಿನಲ್ಲಿ ಇವನು ಶಲ್ಯವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಅದು ಜಾರಿತು. ಹುಡುಗಿ ನೋಡಿದಳು. ಈಗ ಮುಗಿಯಿತು ಎಂದುಕೊಂಡೆ.

"ಕ್ರೀಮು ತುಂಬ ಹೊತ್ತು ಇಟ್ಟಿದ್ದೀರಾ?" ಎಂದು ಮೆಲ್ಲ ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ. ಸೆಕೆಗೆ ಅವಳ ಪೌಡರು ಇಳಿದು ಮೇಲ್ತುಟಿಯ ಮೇಲೆ ಕೆಂಪು ಗೀರು ಕಾಣುತ್ತಿತ್ತು. "ನನ್ನದೂ ಅದೇ ಕಥೆ," ಎಂದಳು.

ಅವರ ಮಾತು ಅತ್ತೆಗೆ ಕೇಳಿಸಿರಲಿಲ್ಲ. ಗೀರು ಮಾತ್ರ ಕಂಡಿತ್ತು. ಹಿಂತಿರುಗುವಾಗ ಕಾರಿನಲ್ಲಿ ತೀರ್ಪು ಬಂತು.

"ಹುಡುಗಿಗೆ ಮೀಸೆ ಉಂಟು. ಆ ಸಂಬಂಧ ನಮಗೆ ಬೇಡ."

ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಮುಂದಿನ ಸೀಟಿನಿಂದ ಮೈದುನನ ಸ್ವರ ಕೇಳಿತು.

"ಆ ಟ್ಯೂಬು ನನ್ನದು ಅಮ್ಮ. ಅವಳಿಗೆ ಬೇಡ ಹೇಳುವುದಾದರೆ ಮೊದಲು ನನಗೆ ಬೇಡ ಹೇಳಿ."