ಸೊಂಟದ ಮಾಸ್ತರನ ಪಂಚಮಿ

ಸೇಡು ತೀರಿಸಿಕೊಳ್ಳಬೇಕೆನ್ನುವವನು ಮೊದಲು ಹೊತ್ತಿಗೆ ಸರಿಯಾಗಿ ಏಳುವುದನ್ನು ಕಲಿಯಬೇಕು. ನನಗೆ ಅದು ಚಿಕ್ಕಂದಿನಲ್ಲೇ ಬಂದಿತ್ತು. ಮಠದ ಪ್ರಸಾದ ನಿಲಯದಲ್ಲಿ ಬೆಳೆದವನು ನಾನು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಸ್ನಾನ, ಗಂಟೆ ಹೊಡೆದರೆ ಊಟ. ಮುಂದೆ ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾದಾಗ ಗಂಟೆಯ ಜಾಗಕ್ಕೆ ಸೀಟಿ ಬಂತು, ಅಷ್ಟೇ. ನಾನು ಸೀಟಿ ಊದಿದರೆ ಇಡೀ ಮೈದಾನ ಒಂದೇ ಮೈಯಾಗಿ ತಿರುಗುತ್ತಿತ್ತು. ಅಂಥ ನನ್ನನ್ನು ನನ್ನ ಹೆಂಡತಿಯ ತಮ್ಮ ಒಂದೇ ಮಾತಿನಲ್ಲಿ ಕೆಡವಿದ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಹೆಂಡತಿಯ ತವರು ಸಿರುಗುಪ್ಪ. ಕಾಲುವೆ ನೀರು ಬಂದ ಮೇಲೆ ಭತ್ತ ಬೆಳೆದು ಚೇತರಿಸಿಕೊಂಡ ಮನೆ. ಆ ಮನೆಯ ಒಬ್ಬನೇ ಮಗ ಒಂದು ದೊಡ್ಡ ಫಟ್‌ಫಟಿ ಕೊಂಡಿದ್ದ. ಆ ಮೋಟರ್ ಸೈಕಲ್ಲು ಓಣಿಗೆ ಬಂದರೆ ಗೂಡಿನಲ್ಲಿಟ್ಟ ತಂಬಿಗೆಗಳು ನಡುಗುತ್ತಿದ್ದವು. ಮದುವೆಯಾದ ಮೊದಲ ನಾಗರ ಪಂಚಮಿಗೆ ನಾನು ಅಲ್ಲಿಗೆ ಹೋದಾಗ, ಅಳಿಯನಿಗೆ ಊರು ತೋರಿಸುತ್ತೇನೆಂದು ಹಿಂದೆ ಕೂರಿಸಿಕೊಂಡ. ಕಾಲುವೆಯ ಏರಿಯ ಮೇಲೆ ಬೇಕೆಂದೇ ಓಡಿಸಿದ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಸರು ಗದ್ದೆ. ನಾನು ಕಣ್ಣು ಮುಚ್ಚಿ ಅವನ ಸೊಂಟ ತಬ್ಬಿಕೊಂಡೆ. ಬಜಾರಿನ ಚಹಾದಂಗಡಿ ಮುಂದೆ ಗಾಡಿ ನಿಂತದ್ದೂ ನನಗೆ ಗೊತ್ತಾಗಲಿಲ್ಲ.

"ಮಾಮಾ, ಸೊಂಟ ಬಿಡ್ರಿ ಇನ್ನ," ಎಂದು ಅವನು ಇಡೀ ಬಜಾರಿಗೆ ಕೇಳುವಂತೆ ಕೂಗಿದ. "ನಾನು ನಿಮ್ಮ ಹೆಂಡ್ತಿ ಅಲ್ಲ, ಆಕಿ ತಮ್ಮ!"

ಚಹಾದಂಗಡಿಯಲ್ಲಿ ಕೂತವರು ಚಹಾದ ಬಸಿ ಕೆಳಗಿಟ್ಟು ನಕ್ಕರು. ಆ ಸಂಜೆಗೆ ನನಗೆ ಹೆಸರು ಬಿದ್ದಿತ್ತು: ಸೊಂಟದ ಮಾಸ್ತರ. ಅದು ಸಿರುಗುಪ್ಪದಲ್ಲೇ ಉಳಿದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆ ಊರಿನಿಂದ ಬಳ್ಳಾರಿಗೆ ಓದಲು ಬರುವ ಹುಡುಗರು ಅದನ್ನು ನನ್ನ ಮೈದಾನಕ್ಕೇ ಹೊತ್ತು ತಂದರು. ಕವಾಯತಿನಲ್ಲಿ ಸೊಂಟದ ಮೇಲೆ ಕೈ ಇಡಿಸುವ ಒಂದು ವರಸೆ ಇರುತ್ತದೆ. ನಾನು ಆ ಹುಕುಂ ಕೊಟ್ಟಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಲು ಮುರಿಯಿತು. ನನ್ನ ಸಾಲು ಅದುವರೆಗೆ ಮುರಿದಿರಲಿಲ್ಲ. ಆ ಹೊತ್ತಿನಲ್ಲೇ ನಿಶ್ಚಯಿಸಿದೆ: ಯಾವ ಬಜಾರಿನಲ್ಲಿ ಹೆಸರು ಕಟ್ಟಿದರೋ ಅದೇ ಬಜಾರಿನಲ್ಲಿ ಅದನ್ನು ಬಿಚ್ಚಿಸುತ್ತೇನೆ, ಬಿಚ್ಚುವಾಗ ನನ್ನ ಭಾವಮೈದುನ ನೋಡಬೇಕು.

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಕರೆಯ ಮೇಲೆ. ಅಣ್ಣನೋ ತಮ್ಮನೋ ಬರಬೇಕು, ಕುಪ್ಪಸದ ಕಣ ಉಡಿಗೆ ಹಾಕಿ "ಬಾರವ್ವ ಮನಿಗೆ" ಅನ್ನಬೇಕು, ಕರೆದುಕೊಂಡು ಹೋಗಬೇಕು. ಗಂಡ ಆಮೇಲೆ ಬರುವವನು. ಹೀಗಾಗಿ ವರ್ಷವರ್ಷವೂ ಅವನು ನಮ್ಮ ಓಣಿಗೆ ಫಟ್‌ಫಟಿ ತಂದು, ಅಕ್ಕನನ್ನು ಹಿಂದೆ ಕೂರಿಸಿಕೊಂಡು, ನನ್ನ ಕಡೆ ತಿರುಗಿ ಅನ್ನುತ್ತಿದ್ದ: "ನೀವು ಬಸ್ಸಿಗೆ ಬರ್ರಿ ಮಾಮಾ. ಸೀಟ್ ಸಿಗಲಿಲ್ಲಂದ್ರ ಕಂಡಕ್ಟರ್‌ನ ಸೊಂಟ ಹಿಡ್ಕೋರಿ."

ಕೊನೆಗೊಂದು ವರ್ಷ ನಾನು ಯಾರಿಗೂ ಹೇಳದೆ ಹಳೆಯದೊಂದು ಸಣ್ಣ ಮೋಟರ್ ಸೈಕಲ್ಲು ಕೊಂಡೆ. ಕೋಟೆ ಗುಡ್ಡದ ಬುಡದಲ್ಲಿ, ಊರು ಏಳುವ ಮುಂಚೆ, ಪ್ರತಿದಿನ ಅಭ್ಯಾಸ. ನಾನು ಹೆದರುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಗೇರು ಬದಲಿಸುವಾಗ ಅಂಗೈ ಬೆವರುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿಕೊಂಡೆ. ಕ್ಲಚ್ಚು ಹಿಡಿಯುವಾಗ ಏಕ್, ಗೇರಿಗೆ ದೋ, ಕ್ಲಚ್ಚು ಬಿಡುವಾಗ ತೀನ್ ಎಂದು ಗಟ್ಟಿಯಾಗಿ ಎಣಿಸುವುದು. ಹುಕುಂ ಕೇಳಿದರೆ ನನ್ನ ಕೈಕಾಲು ಹೆದರಿಕೆಯನ್ನು ಮರೆಯುತ್ತಿದ್ದವು. ಹುಕುಂ ಕೊಡುವವನು ನಾನೇ ಆದರೂ ಅವಕ್ಕೆ ಅಡ್ಡಿಯಿರಲಿಲ್ಲ. ಆ ಗಾಡಿಯ ಮೇಲೆ ಊರು ದಾಟಿ ಹೋದವನಲ್ಲ ನಾನು. ಊರು ದಾಟುವುದಿದ್ದರೆ ಅದು ಸಿರುಗುಪ್ಪಕ್ಕೇ ಎಂದು ಇಟ್ಟುಕೊಂಡಿದ್ದೆ.

ಯೋಜನೆ ಸರಳವಾಗಿತ್ತು. ಅವನು ಯಾವ ದಿನ ಕರೆಯಲು ಬರುತ್ತಾನೆಂದು ಗೊತ್ತಿತ್ತು. ಆ ದಿನ ಅವನು ಬರುವಷ್ಟರಲ್ಲಿ ನಮ್ಮ ಮನೆಗೆ ಬೀಗ ಬಿದ್ದಿರಬೇಕು. ಅಕ್ಕನನ್ನು ಕರೆಯಲು ಹೋದ ತಮ್ಮ ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಊರಿಗೆ ಮರಳಿದರೆ ದಾರಿಯಲ್ಲಿ ಕಂಡವರೆಲ್ಲ ಕೇಳುತ್ತಾರೆ: ಅಕ್ಕ ಎಲ್ಲಿ, ಏನು ಜಗಳ, ಯಾಕೆ ಕಳಿಸಲಿಲ್ಲ? ಒಬ್ಬೊಬ್ಬರಿಗೂ ಅವನು ಉತ್ತರ ಕೊಡಬೇಕು. ಅಷ್ಟರಲ್ಲಿ ನಾನು ಅವಳನ್ನು ನನ್ನ ಗಾಡಿಯ ಮೇಲೆ ಬಜಾರಿನ ನಡುವೆ ಕರೆದೊಯ್ದಿರಬೇಕು. ಅವನು ಕೇಳಿದರೆ "ಗಂಡನ ಗಾಡಿ ಮ್ಯಾಲೆ ಆಗಲೇ ಹೋದ್ಳು" ಅನ್ನಬೇಕೆಂದು ಪಕ್ಕದ ಮನೆಯ ಮುದುಕಿಗೆ ಮಾತು ಕಲಿಸಿಟ್ಟೆ. ಹೆಂಡತಿಗೆ, "ನಿನ್ನ ತಮ್ಮನಿಗೆ ಎಲ್ಲ ಹೇಳಿದ್ದೇನೆ, ಈ ಸಲ ನಾನೇ ಕರೆತರುತ್ತೇನೆ ಎಂದಿದ್ದೇನೆ," ಅಂದೆ. ಅವಳು ನಂಬಿ ಹಬ್ಬದ ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು.

ನೇರ ದಾರಿಯಲ್ಲಿ ಹೋದರೆ ಅವನು ಎದುರಾಗುವ ಭಯ. ಲಾರಿಗಳ ಭಯ ಅದಕ್ಕಿಂತ ದೊಡ್ಡದು. ಆದ್ದರಿಂದ ಕುರುಗೋಡಿನ ದಾರಿ ಹಿಡಿದೆ. ತುಂತುರು ಹನಿಯುತ್ತಿತ್ತು. ಊರು ದಾಟುತ್ತಲೇ ರಸ್ತೆ ಉದ್ದಕ್ಕೆ ಬಿದ್ದುಕೊಂಡದ್ದು ಕಂಡಿತು. ಮೈದಾನಕ್ಕೆ ನಾಲ್ಕು ಮೂಲೆ ಇರುತ್ತವೆ, ತಿರುಗಿ ಬರಬಹುದು. ಇದಕ್ಕೆ ಕೊನೆಯೇ ಕಾಣುತ್ತಿರಲಿಲ್ಲ. ಒಂದು ಕುರಿಹಿಂಡು ಅಡ್ಡ ಬಂದರೂ ಎದೆ ಹಾರುತ್ತಿತ್ತು. ನಿಲ್ಲಿಸುವುದಕ್ಕೆ ಹೆದರಿಕೆಯಿಲ್ಲ, ನಿಲ್ಲಿಸಿದರೆ ಮತ್ತೆ ಹೊರಡಿಸಬೇಕಲ್ಲ.

"ಏನ್ರೀ, ಯಾರಿಗೆ ಏಕ್ ದೋ ಅನ್ನಾಕತ್ತೀರಿ?" ಎಂದು ಹಿಂದಿನಿಂದ ಅವಳು.

"ಸುಮ್ಮ ಕುಂದ್ರು. ಲೆಕ್ಕ ತಪ್ಪತೈತಿ."

ಕೋಳೂರು ದಾಟಿದ ಮೇಲೆ ಎದುರಿಗೆ ಹುಲ್ಲಿನ ಲಾರಿ ಬಂತು. ಅದು ರಸ್ತೆಯನ್ನೆಲ್ಲ ತನ್ನದು ಮಾಡಿಕೊಂಡಿತ್ತು. ನಾನು ಡಾಂಬರು ಬಿಟ್ಟು ಪಕ್ಕಕ್ಕೆ ಇಳಿದೆ. ಮಳೆ ಬಿದ್ದ ಎರೆಮಣ್ಣಿಗೆ ಇಳಿಯಬಾರದೆಂದು ಎತ್ತಿನ ಬಂಡಿ ಹೊಡೆಯುವ ಹುಡುಗರಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ಹೆದರಿದ ಕೈ ಯಾರ ಮಾತು ಕೇಳುತ್ತದೆ? ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ಹಿಟ್ಟಿನಂತೆ ಮೆತ್ತಿಕೊಂಡು ಗಾಡಿ ನಿಂತಲ್ಲೇ ನಿಂತಿತು. ಬೀಳಲಿಲ್ಲ. ಅದೊಂದು ಸಮಾಧಾನ. ಅವಳು ಸೀರೆ ಎತ್ತಿಕಟ್ಟಿ, ಜಾಲಿ ಕಡ್ಡಿ ಮುರಿದುಕೊಂಡು ನನ್ನ ಜೊತೆ ಮಣ್ಣು ಕೆದರಿದಳು. ನಾನು ಕೆದರುತ್ತ ಭಾವಮೈದುನನನ್ನೇ ನೆನೆಯುತ್ತಿದ್ದೆ. ಈಗ ನಮ್ಮ ಓಣಿಗೆ ಬಂದಿರುತ್ತಾನೆ, ಈಗ ಬೀಗ ನೋಡಿರುತ್ತಾನೆ, ಈಗ ಮುದುಕಿ ಬಾಯಿ ಬಿಟ್ಟಿರುತ್ತಾಳೆ. ಆ ನೆನಪಿಗೆ ಕೈಗೆ ಬಲ ಬರುತ್ತಿತ್ತು.

ಕುರುಗೋಡಿನಲ್ಲಿ ಕೈಕಾಲು ತೊಳೆದು ಒಗ್ಗರಣಿ ಮಿರ್ಚಿ ತೆಗೆದುಕೊಂಡೆವು. ಹೋಟೆಲಿನ ಬೆಂಚಿನ ಮೇಲೆ ಕೂತು, ಎದುರಿನ ಬಂಡೆಗುಡ್ಡ ನೋಡುತ್ತ, ಅವಳು ಸಹಜವಾಗಿ ಕೇಳಿದಳು:

"ನನ್ನ ತಮ್ಮ ಏನಂದ? ಸಿಟ್ಟಾದನೇನು?"

ಅರ್ಧ ದಾರಿ ಗೆದ್ದ ಹುಮ್ಮಸ್ಸಿನಲ್ಲಿದ್ದೆ. ಇದ್ದದ್ದನ್ನು ಹೇಳಿಬಿಟ್ಟೆ. ಬೀಗ, ಮುದುಕಿ, ಖಾಲಿ ಸೀಟು, ಎಲ್ಲವನ್ನೂ. ಅವಳೂ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಮಿರ್ಚಿಯನ್ನು ಪುಡಿಕೆಗೆ ವಾಪಸ್ ಹಾಕಿದಳು.

"ಅಂದ್ರ ನನ್ನ ಯಾರೂ ಕರದಿಲ್ಲ."

"ನಾ ಕರಕೊಂಡ್ ಹೊಂಟೀನಲ್ಲ."

"ನೀವು ಕರಕೊಂಡ್ ಹೊಂಟೀರಿ. ಕರದಿಲ್ಲ." ಸೆರಗಿಗೆ ಕೈ ಒರೆಸಿಕೊಂಡಳು. "ಪಂಚಮಿಗೆ ಕರೀದ ಹೋಗಾಕ ನಾನೇನು ತಿರಕೊಂಡು ತಿನ್ನಾಕೀನಾ? ಮನಿ ಮುಂದ ಇಳದ್ರ ಓಣಿಯಾಗಿನ ಹೆಂಗಸ್ರು ಏನಂತಾರ?"

ಅವನ ಸೀಟು ಖಾಲಿ ಬರಬೇಕು ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಆ ಸೀಟಿನ ಜೊತೆ ಅವಳ ಕರೆಯೂ ಖಾಲಿ ಹೋಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ತಿರುಗಿ ಹೋಗೋಣವೇ ಎಂದು ಕೇಳಿದೆ. "ಹೊಡೀರಿ ಮುಂದಕ್ಕ. ಎಲ್ಲಿ ಇಳೀಬೇಕು ನಾ ಹೇಳ್ತೀನಿ," ಅಂದಳು.

ಅಲ್ಲಿಂದ ಮುಂದೆ ಅವಳು ನನ್ನ ಎಣಿಕೆಯನ್ನೂ ಆಡಿಕೊಳ್ಳಲಿಲ್ಲ. ತೆಕ್ಕಲಕೋಟೆ ದಾಟಿ, ನಾಟಿ ಗದ್ದೆಗಳ ನಡುವೆ ಬಂದು, ಸಿರುಗುಪ್ಪದ ಹೊರಗಿನ ಕಾಲುವೆ ಸೇತುವೆ ಕಾಣುತ್ತಲೇ ಭುಜ ತಟ್ಟಿದಳು. ಇಳಿದು, ಸೇತುವೆಯ ಕಟ್ಟೆಯ ಮೇಲೆ ಉಂಡಿಯ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತಳು. "ಕರಿಯಾಕ ಬಂದ್ರ ಹೋಗ್ತೀನಿ. ಇಲ್ಲಂದ್ರ ಬಳ್ಳಾರಿ ಬಸ್ ಇಲ್ಲೇ ನಿಲ್ಲತೈತಿ."

ಬಜಾರು ಅಲ್ಲಿಂದ ಕೂಗಳತೆಯಲ್ಲಿತ್ತು. ನನ್ನ ಮುಂದೆ ಚಹಾದಂಗಡಿ, ನನ್ನ ಹಿಂದೆ ಹಟ ಹಿಡಿದ ಹೆಂಡತಿ. ಹೆಂಡತಿಯಿಲ್ಲದೆ ನಾನು ಒಬ್ಬನೇ ಬಜಾರಿಗೆ ಹೋದರೆ ಖಾಲಿ ಸೀಟು ನನ್ನದಾಗುತ್ತದೆ. ಅವನಿಗೆ ಹೊಲಿದ ಅಂಗಿ ನನ್ನ ಮೈಗೇ ಬರುವ ಹಾಗಿತ್ತು.

ಅಷ್ಟರಲ್ಲಿ ಆ ಸದ್ದು ಕೇಳಿತು. ಬಳ್ಳಾರಿಯ ಕಡೆಯಿಂದ ಫಟ್‌ಫಟಿ ಬರುತ್ತಿತ್ತು. ಹಿಂದಿನ ಸೀಟು ಖಾಲಿ. ನನಗೆ ಆದ ಸಂತೋಷವನ್ನು ಈಗಲೂ ಕಡಿಮೆ ಮಾಡಿ ಹೇಳಲಾರೆ.

ಅವನು ಗಾಡಿ ನಿಲ್ಲಿಸಿದ. ಮುಖ ಕಪ್ಪಿಟ್ಟಿತ್ತು. "ಏನ್ ಮಾಮಾ, ನಿಮ್ಮ ಮುದುಕಿ ನನ್ನ ನೋಡಿ ಹಲ್ಲಿಲ್ಲದ ಬಾಯಾಗ ನಗತಾಳ! ದಾರ್‍ಯಾಗ ಎಲ್ಲಾರೂ ಅಕ್ಕ ಎಲ್ಲಿ, ಅಕ್ಕ ಎಲ್ಲಿ ಅಂತ ಪ್ರಾಣ ತಿಂದ್ರು." ಆಗ ಅವನು ಅಕ್ಕನ ಕಡೆ ತಿರುಗಿದ. ಅದೇ ಅವನು ಮಾಡಿದ ತಪ್ಪು.

"ಏನಕ್ಕಾ, ಹಬ್ಬ ಅಂದ್ರ ಅಷ್ಟು ಅವಸರ ಆತೇನು? ಕರೀದನ ಓಡಿ ಬಂದಿ?"

ಅಲ್ಲಿಯವರೆಗೆ ಸೇಡು ನನ್ನೊಬ್ಬನದಾಗಿತ್ತು. ಅವಳು ಎದ್ದು ನಿಂತಳು.

"ಲೇ ತಮ್ಮಾ, ನಾ ಬಂದಿಲ್ಲ. ನಾ ಸೇತುವಿ ದಾಟೇ ಇಲ್ಲ. ಇಬ್ರೂ ಸೇರಿ ನನ್ನ ಭತ್ತದ ಚೀಲ ಮಾಡೀರಿ. ಇಂವ ಹೇರಿಕೊಂಡ ಬಂದ್ರ ಇಂವಗ ಮರ್ಯಾದಿ, ನೀ ಹೇರಿಕೊಂಡ ಹೋದ್ರ ನಿನಗ. ತಗಿ ಕಣ."

"ಇಲ್ಲೇ? ರಸ್ತಾದಾಗ?"

"ಬಳ್ಳಾರಿ ಮಟ ಒಯ್ದು ವಾಪಸ್ ತಂದೀಯಲ್ಲ, ಅದನ್ನ ತಗಿ."

ಅವನು ಸುತ್ತ ನೋಡಿದ. ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತಿದ್ದರು. ಬೇರೆ ದಾರಿಯಿಲ್ಲದೆ ಚೀಲದಿಂದ ಕಣ ತೆಗೆದು, ಅಕ್ಕನ ಉಡಿಗೆ ಹಾಕಿ, "ಬಾರವ್ವ ಮನಿಗೆ," ಅಂದ. ಗದ್ದೆಯಿಂದ ಒಬ್ಬಳು, "ಜ್ವಾರಾಗಿ ಅನ್ನಪ್ಪೋ, ನಮಗೂ ಕೇಳ್ಲಿ!" ಎಂದಳು. ಇನ್ನೊಮ್ಮೆ ಅಂದ.

"ಬರ್ತೀನಿ," ಎಂದು ಅವಳು ಬಂದು ಕೂತದ್ದು ನನ್ನ ಗಾಡಿಯ ಮೇಲೆ. "ಕರಿಯಾಕ ಬಂದಾಂವ ಬಿಟ್ಟು ಮುಂದ ಓಡಿ ಹೋಗಬಾರದು. ನಮ್ಮ ಹಿಂದ ಬಾ. ಮನಿ ಮುಟ್ಟೂತನಕ."

ಏಕ್. ದೋ. ತೀನ್. ಗಾಡಿ ಹೊರಟಿತು. ನನಗೆ ಬರುತ್ತಿದ್ದದ್ದೇ ನಿಧಾನ. ಆ ದಿನ ಬಜಾರಿನಲ್ಲಿ ನಾನು ಅದಕ್ಕಿಂತಲೂ ನಿಧಾನವಾಗಿ ಹೋದೆ. ನನ್ನ ಕಲಿಕೆಯೆಲ್ಲ ಆ ಒಂದು ನಡಿಗೆಗಾಗಿಯೇ ಇತ್ತೇನೋ ಅನ್ನಿಸಿತು. ಕೈಗಾಡಿಗಳು ನಮ್ಮನ್ನು ದಾಟಿ ಹೋದವು. ಹಿಂದೆ ಆ ದೊಡ್ಡ ಫಟ್‌ಫಟಿ ಎಮ್ಮೆಯಂತೆ ಬುಸುಗುಡುತ್ತ, ಮೊದಲ ಗೇರಿನಲ್ಲೇ ತೆವಳುತ್ತಿತ್ತು. ಅಂಥ ಗಾಡಿಗೆ ಹಾಗೆ ತೆವಳುವುದು ಒಗ್ಗುವುದಿಲ್ಲ. ಬಳ್ಳಾರಿಗೆ ಹೋಗಿ ಸಿಟ್ಟಿನಲ್ಲಿ ಓಡಿ ಬಂದು ಅದರ ಎಂಜಿನ್ನು ಮೊದಲೇ ಬಿಸಿಯೇರಿತ್ತು. ಅವಳು ಎಲ್ಲರಿಗೂ ಕಾಣುವ ಹಾಗೆ ನನ್ನ ಸೊಂಟದ ಮೇಲೆ ಕೈ ಇಟ್ಟಳು. ಸರಿಯಾಗಿ ಚಹಾದಂಗಡಿಯ ಮುಂದೆ ಬಂದಾಗ ಹಿಂದಿನ ಸದ್ದು ಎರಡು ಸಲ ಕೆಮ್ಮಿ ನಿಂತುಹೋಯಿತು.

ನಾನು ಕಾಲೂರಿ ನಿಲ್ಲಿಸಿದೆ. ಅವನು ಒದೆಯುತ್ತಿದ್ದ. ಒದ್ದ, ಒದ್ದ, ಅದು ಏಳಲಿಲ್ಲ. ಬಸಿಗಳು ಕೆಳಗಿಳಿದವು.

"ಬಾರಪ್ಪಾ," ಎಂದೆ, ಮೈದಾನದ ಧ್ವನಿಯಲ್ಲಿ. "ನಿಮ್ಮ ಅಕ್ಕನ್ನ ಮನಿಗೆ ಬಿಟ್ಟು ಬಂದು ನಿನ್ನ ಕರಕೊಂಡ್ ಹೋಗ್ತೀನಿ. ಸೊಂಟ ಹಿಡ್ಕೊಂಡ್ರೂ ನಾ ಏನೂ ಅನ್ನಂಗಿಲ್ಲ."

ಅಂಗಡಿಯೆಲ್ಲ ನಕ್ಕಿತು. ಹಿಂದೆ ನಕ್ಕವರೇ, ಅದೇ ಬೆಂಚು. ಅವನು ತಲೆಯೆತ್ತದೆ ಗಾಡಿಯನ್ನು ತಳ್ಳಿಕೊಂಡು ನಮ್ಮ ಹಿಂದೆ ನಡೆದ. ನಾನು ಮನೆಯವರೆಗೂ ವೇಗ ಹೆಚ್ಚಿಸಲಿಲ್ಲ.

ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ನನ್ನ ಬೆರಳುಗಳು ಹ್ಯಾಂಡಲ್ ಬಿಡಲಿಲ್ಲ. ದಾರಿಯುದ್ದಕ್ಕೂ ಬಿಗಿ ಹಿಡಿದು ಸೆಟೆದುಕೊಂಡಿದ್ದವು. ಅತ್ತೆ ಕಾಲಿಗೆ ನೀರು ತರುವಷ್ಟರಲ್ಲಿ ಹೆಂಡತಿ ಉಂಡಿಯ ಡಬ್ಬಿ ಅಡ್ಡ ಹಿಡಿದು, ಯಾರಿಗೂ ಕಾಣದಂತೆ ಒಂದೊಂದೇ ಬೆರಳು ಬಿಡಿಸಿದಳು. ಆ ಹಬ್ಬದಲ್ಲಿ ನನ್ನೊಡನೆ ಅವಳು ಆಡಿದ್ದು ಒಂದೇ ಮಾತು: "ಹೋಗ್ತಾ ಬಸ್ಸಿಗೆ ಹೋಗ್ತೀನಿ." ಹಾಗೆಯೇ ಹೋದಳು. ಆ ಶಿಕ್ಷೆ ನನಗೆ ಸಲ್ಲಬೇಕಾದದ್ದೋ ಅಲ್ಲವೋ ನಾನು ಯೋಚಿಸಲಿಲ್ಲ. ಹುಕುಂ ಎಂದರೆ ಹುಕುಂ.

ಮೈದಾನದಲ್ಲಿ ಸಾಲು ಮತ್ತೆ ನೆಟ್ಟಗಾಯಿತು. ಸಿರುಗುಪ್ಪದ ಹುಡುಗರು ಈ ಸುದ್ದಿಯನ್ನೂ ಹೊತ್ತು ತಂದಿದ್ದರು.

ಮುಂದಿನ ಪಂಚಮಿಗೆ ಭಾವಮೈದುನ ಅಕ್ಕನನ್ನು ಕರೆಯಲು ಬಸ್ಸಿನಲ್ಲಿ ಬಂದ. ಕಣವನ್ನು ನೀಟಾಗಿ ಮಡಿಸಿ ತಂದಿದ್ದ. ನಾನು ಫಟ್‌ಫಟಿ ಏನಾಯಿತೆಂದು ಕೇಳಲಿಲ್ಲ. ಕೂರಿಸಿದೆ, ಚಹಾ ಕೊಟ್ಟೆ. ಕುಡಿದು ಮುಗಿಸುವವರೆಗೆ ಕಾದು, ಬಸ್ಸಿನಲ್ಲಿ ಸೀಟ್ ಸಿಕ್ಕಿತೋ ಇಲ್ಲವೋ ಎಂದು ಮಾತ್ರ ವಿಚಾರಿಸಿದೆ.