ಮಾವನವರ ಅಮೆರಿಕದ ಕಾರು ಮತ್ತು ಅದರ ದಾಯಾದಿ

ಗಂಡನ ಮುಖ ನೋಡುವುದಕ್ಕೆ ಮೊದಲೇ ನಾನು ಮಾವನವರ ಕಾರನ್ನು ನೋಡಿದೆ. ತೊಂಬತ್ತರ ದಶಕದ ಮಧ್ಯದ ಮಾತು. ನಂಜನಗೂಡಿನಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಗಲ್ಲಿಯ ತುದಿಯಲ್ಲಿ ನಮ್ಮ ಮನೆ. ಅಪ್ಪನದು ಬಾಳೆಹಣ್ಣಿನ ಮಂಡಿ. ನನ್ನನ್ನು ನೋಡಲು ನರಸೀಪುರದಿಂದ ಗಂಡಿನ ಕಡೆಯವರು ಬರುತ್ತಾರೆಂದು ಅಮ್ಮ ಬೆಳಗಿನಿಂದ ಉಪ್ಪಿಟ್ಟಿಗೆ ರವೆ ಹುರಿದಿಟ್ಟು ಕಾಯುತ್ತಿದ್ದಳು. ನಾನು ಮಹಡಿಯ ಕಿಟಕಿಯಲ್ಲಿದ್ದೆ. ಅಷ್ಟರಲ್ಲಿ ಗಲ್ಲಿಯ ಬಾಯಲ್ಲಿ ಹಸಿರು ಬಣ್ಣದ ಒಂದು ದೋಣಿ ಕಾಣಿಸಿತು. ದೋಣಿಯಲ್ಲ, ಕಾರು. ಐವತ್ತರ ದಶಕದ ಅಮೆರಿಕದ ಕಾರು. ಹಿಂದುಗಡೆ ಮೀನಿನ ರೆಕ್ಕೆಯಂಥ ಎರಡು ಏಣು, ಮುಂದುಗಡೆ ಹಲ್ಲು ಕಿರಿದಂಥ ಉಕ್ಕಿನ ಜಾಲರಿ. ಎರಡೂ ಬದಿಯ ಜಗಲಿಗಳಿಗೆ ಒಂದೊಂದು ಗೇಣು ಬಿಟ್ಟು ಅದು ನಮ್ಮ ಬಾಗಿಲವರೆಗೂ ಬಂದು ನಿಂತಿತು.

ಕಾರಿನಿಂದ ಮೊದಲು ಇಳಿದವರು ನನ್ನ ಮಾವನಾಗಲಿದ್ದವರು. ನರಸೀಪುರದ ಅಕ್ಕಿ ಗಿರಣಿಯ ಯಜಮಾನರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಅವರ ಹಿಂದೆ ಅತ್ತೆ, ಆಮೇಲೆ ಆ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಬೆವರುತ್ತಿದ್ದ ಹುಡುಗ.

ನೋಡುವ ಶಾಸ್ತ್ರವೆಲ್ಲ ಸುಸೂತ್ರವಾಗಿ ಮುಗಿಯಿತು. ತೊಂದರೆಯಾದದ್ದು ಹೊರಡುವಾಗ. ಆ ಕಾರಿಗೆ ರಿವರ್ಸ್ ಗೇರು ಇರಲಿಲ್ಲ. ಎಂದೋ ಕೆಟ್ಟುಹೋಗಿತ್ತಂತೆ. ಹಿಂದಕ್ಕೆ ಹೋಗಬೇಕಾದ ಕಡೆಗೆಲ್ಲ ಕಾರು ತೆಗೆದುಕೊಂಡು ಹೋಗದೆ ಮಾವನವರು ಅಷ್ಟು ವರ್ಷ ನಿಭಾಯಿಸಿದ್ದರು. ನಮ್ಮ ಗಲ್ಲಿ ಮುಂದೆ ಗೋಡೆಗೆ ಮುಗಿಯುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ.

ಅಪ್ಪನಿಗೆ ಖುಷಿಯೋ ಖುಷಿ. "ಬೀಗರೇ, ನಿಮ್ಮ ಕಾರು ವಾಪಸ್ ಓಗಲ್ಲ ಅಂತದೆ. ಅಂದ್ಮೇಲೆ ಸಂಬಂಧ ಗಟ್ಟಿ ಅಂತಾಯ್ತು" ಎಂದ. ಬೀಗರು ಎಂದು ಕರೆಯಲು ಇನ್ನೂ ಯಾರೂ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ.

ಕಾರನ್ನು ಹಿಂದಕ್ಕೆ ತಳ್ಳಲು ಮಂಡಿಯ ಹಮಾಲಿಗಳು ಬಂದರು. ಹುಡುಗನೂ ಕೋಟು ಬಿಚ್ಚಿ ನಮ್ಮಮ್ಮನ ಕೈಗೆ ಕೊಟ್ಟು ಹೆಗಲು ಕೊಟ್ಟ. ಮಾವನವರು ಒಳಗೆ ಕೂತು ಮೈಸೂರು ದಸರೆಯ ಅಂಬಾರಿಯಲ್ಲಿದ್ದವರಂತೆ ಗಂಭೀರವಾಗಿ ಸ್ಟೇರಿಂಗ್ ಹಿಡಿದಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕಿಟಕಿಯಲ್ಲಿ ನಿಂತು ಜೋರಾಗಿ ನಕ್ಕುಬಿಟ್ಟೆ. ಹಮಾಲಿಗಳು ತಲೆ ಎತ್ತಿದರು, ಹುಡುಗ ತಲೆ ಎತ್ತಿದ, ಮಾವನವರೂ ಕಾರಿನಿಂದ ಕತ್ತು ಹೊರಗೆ ಹಾಕಿ ನೋಡಿದರು. ಈ ಸಂಬಂಧ ತಪ್ಪಿತು ಎಂದು ಅಮ್ಮ ಮಹಡಿಗೆ ಓಡಿಬಂದು ನನ್ನ ತೋಳು ಚಿವುಟಿದಳು, ಅಳುವುದೊಂದು ಬಾಕಿ.

ಎರಡು ದಿನ ಬಿಟ್ಟು ನರಸೀಪುರದಿಂದ ಒಪ್ಪಿಗೆ ಬಂತು. ಮಾವನವರು ಅಪ್ಪನಿಗೆ ಹೇಳಿ ಕಳಿಸಿದ ಕಾರಣ ಇದು: "ನನ್ನ ಕಾರು ನೋಡಿ ನಗೋ ಉಡುಗೀನ ಮನೆ ಒಳಗೇ ತಂದಿಟ್ಕೊಂಡ್ರೆ ಒರಗಡೆ ಒಬ್ರು ನಗೋದಾದ್ರೂ ತಪ್ತದೆ."

ಮದುವೆಯಾಗಿ ಹೋದ ಮೇಲೆ ಗೊತ್ತಾಯಿತು, ಆ ಮನೆಯಲ್ಲಿ ಕಾರಿಗಿಂತ ದೊಡ್ಡದು ಕಾರಿನ ಕಂಪನಿ. ಅದರ ಹೆಸರು ಇಲ್ಲಿ ಬೇಡ. ಮಾವನವರೂ ಹೆಸರು ಹಿಡಿದು ಹೇಳುತ್ತಿದ್ದದ್ದು ಕಡಿಮೆ, "ನಮ್ಮ ಕಂಪನಿ" ಎನ್ನುತ್ತಿದ್ದರು. ಅವರ ಅಪ್ಪನ ಕಾಲದಲ್ಲಿ ಗಿರಣಿಗೆ ಬಂದ ಮೊದಲ ಲಾರಿ ಆ ಕಂಪನಿಯದಂತೆ. ಬೊಂಬಾಯಿಯಲ್ಲಿ ಜೋಡಿಸಿದ್ದು. ಚಿಕ್ಕಂದಿನಲ್ಲಿ ಅದರ ಭತ್ತದ ಮೂಟೆಯ ಮೇಲೆ ಕೂತು ಪಕ್ಕದ ಸೋಸಲೆಯವರೆಗೆ ಹೋಗಿಬಂದ ಮಾವನವರು ದೊಡ್ಡವರಾದ ಮೇಲೆ, ಕೊಂಡರೆ ಅದೇ ಕಂಪನಿಯ ಕಾರು ಎಂದು ಹಟ ಹಿಡಿದು ಕೂತರಂತೆ. ಕೊನೆಗೆ ಅತ್ತೆಯ ಅಣ್ಣ, ಮೈಸೂರಿನಲ್ಲಿ ಲಾರಿ ದಲ್ಲಾಳಿಯಾಗಿದ್ದವರು, ಯಾರದೋ ಬಂಗಲೆಯಲ್ಲಿ ನಿಂತಿದ್ದ ಈ ಹಸಿರು ಕಾರನ್ನು ಹುಡುಕಿ ತಂದುಕೊಟ್ಟಿದ್ದರು.

ಸುತ್ತೂರಿನ ದಾರಿಯಲ್ಲಿ ನನ್ನ ತವರಿಗೆ ಹೋಗಿಬರುವಾಗಲೆಲ್ಲ ಮಾವನವರ ಬಾಯಲ್ಲಿ ಕಂಪನಿಯ ಪುರಾಣ. ಸ್ನೇಹಿತರಾದ ಒಬ್ಬ ಇಂಗ್ಲಿಷ್ ಮೇಷ್ಟ್ರು ಹಳೆಯ ಮ್ಯಾಗಜೀನುಗಳನ್ನು ಓದಿ ಹೇಳಿದ್ದು ಮುಕ್ಕಾಲು, ಮಿಕ್ಕಿದ್ದು ಸ್ವಂತದ್ದು.

"ಕುದ್ರೆ ಗಾಡಿ ಮಾಡ್ತಿದ್ದೋನು ಕಣವ್ವ ನಮ್ಮ ಕಂಪನಿ ಕಟ್ಟಿದಾತ. ಒಂದೊಂದೇ ಕಂಪನಿ ತಂದು ಸೇರಿಸ್ದ. ನಮ್ಮ ಕೂಡುಕುಟುಂಬ ಇದ್ದಂಗೆ. ದೊಡ್ಡಣ್ಣನ ಕಾರು ಸಾವ್ಕಾರ್ರಿಗೆ, ನಡ್ಲೋನ್ದು ಆಫೀಸರ್ಗೆ, ಕೊನೇ ತಮ್ಮನ್ದು ನಮ್ಮಂಥೋರ್ಗೆ. ಆಮೇಲೆ ಬ್ಯಾಂಕ್ನೋರು ಸೇರ್ಕೊಂಡು ಯಜಮಾನನ್ನೇ ಮನೆಯಿಂದ ಒರಗಾಕುದ್ರು."

"ಅಯ್ಯೋ, ಆಮೇಲೆ?"

"ಸುಮ್ಕೆ ಕೂತ್ಕತಾನಾ? ಬ್ಯಾರೆ ಕಂಪನಿ ಕಟ್ದ, ಅದ್ರ ಬಲದ ಮೇಲೆ ವಾಪಸ್ ಬಂದು ಗದ್ದುಗೆ ಮೇಲೆ ಕೂತ್ಕೊಂಡ. ಇನ್ನೊಂದ್ಸಲ ಓಡಿಸುದ್ರು. ಕೊನೆಗಾಲದಲ್ಲಿ ಪಾಪ, ಚೆಂಡು ಉರುಳ್ಸಿ ಮರದ ಬುಡ್ಡಿ ಬೀಳ್ಸೋ ಆಟದ್ದು ಅಂಗಡಿ ಇಟ್ಕೊಂಡಿದ್ನಂತೆ."

ಇಲ್ಲಿಗೆ ಬಂದಾಗ ಅವರು ಸ್ಟೇರಿಂಗಿನಿಂದ ಒಂದು ಕೈ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನೂ ಕಣ್ಣು ಒರೆಸಿಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ಅತ್ತೆ ಮಾತ್ರ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಎಲೆ ಅಡಿಕೆ ಅಗಿಯುತ್ತಿದ್ದರು.

ಅಮೆರಿಕದಲ್ಲಿ ಇನ್ನೊಂದು ದೊಡ್ಡ ಕಾರು ಕಂಪನಿಯೂ ಇತ್ತು. ಅದನ್ನು ಮಾವನವರು "ದಾಯಾದಿ" ಎನ್ನುತ್ತಿದ್ದರು. "ಎಲ್ಲಾ ಕಾರ್ಗೂ ಕರೀ ಬಣ್ಣ ಬಳ್ದು ಲೋಕಕ್ಕೆಲ್ಲ ಹಂಚ್ದ ಜುಗ್ಗ ಅವ್ನು" ಎಂದು ಅದರ ಹಿರಿಯನನ್ನು ಬೈಯುತ್ತಿದ್ದರು. ಎಲ್ಲೋ ಸಮುದ್ರದಾಚೆ ಎಂದೋ ತೀರಿಕೊಂಡಿದ್ದ ಮನುಷ್ಯನ ಮೇಲೆ ನರಸೀಪುರದ ಅಕ್ಕಿ ಗಿರಣಿಯಲ್ಲಿ ಅಷ್ಟು ಸಿಟ್ಟು.

ಸ್ವಾತಂತ್ರ್ಯ ಬಂದ ಮೇಲೆ ದೇಶ ಬಿಟ್ಟು ಹೋಗಿದ್ದ ನಮ್ಮ ಕಂಪನಿ ಅದೇ ತೊಂಬತ್ತರ ದಶಕದಲ್ಲಿ ಮತ್ತೆ ಭಾರತಕ್ಕೆ ಬಂತು. ಮುನಿಸಿಕೊಂಡು ಹೋದ ಅಳಿಯ ತಾನಾಗಿ ಬಂದಂತೆ ಮಾವನವರು ಬೀಗಿದರು. ಕೆಲವು ವರ್ಷಗಳಲ್ಲಿ ಮೈಸೂರಿನಲ್ಲೂ ಷೋರೂಮು ತೆರೆಯಿತು. ಸುದ್ದಿ ತಿಳಿದ ವಾರವೇ ಮಾವನವರು ಕಾರು ತೊಳೆಸಿ, ಸೇವಂತಿಗೆ ಹಾರ ಹಾಕಿಸಿ, ತಟ್ಟೆಯಲ್ಲಿ ತೆಂಗಿನಕಾಯಿ, ನಮ್ಮಪ್ಪನ ಮಂಡಿಯ ರಸಬಾಳೆ ಇಟ್ಟುಕೊಂಡು ಹೊರಟರು. ಜೊತೆಗೆ ಅತ್ತೆ ಮತ್ತು ನಾನು. ಷೋರೂಮಿನ ಅಂಗಳಕ್ಕೆ ಹೋದರೆ ಹಿಂದಕ್ಕೆ ಬರಲಾಗದೆಂದು ಕಾರನ್ನು ರಸ್ತೆಯಲ್ಲೇ ಬಾಗಿಲಿಗೆ ಎದುರಾಗಿ ನಿಲ್ಲಿಸಿದರು.

ಟೈ ಕಟ್ಟಿದ್ದ ಒಬ್ಬ ಓಡಿಬಂದ. "ಬನ್ನಿ ಸರ್, ಯಾವ ಮಾಡೆಲ್ ನೋಡ್ತೀರಾ?"

"ನಾವು ನೋಡಕ್ಕೆ ಬಂದಿಲ್ಲ ಕಣಪ್ಪ" ಎಂದರು ಮಾವನವರು. "ತೋರ್ಸಕ್ಕೆ ಬಂದಿದೀವಿ."

ಹತ್ತು ನಿಮಿಷದಲ್ಲಿ ಒಳಗಿದ್ದವರೆಲ್ಲ ರಸ್ತೆಗೆ ಬಂದಿದ್ದರು. ಹೊಸ ಕಾರು ನೋಡಲು ಬಂದಿದ್ದ ಗಿರಾಕಿಗಳೂ ಹಳೆಯದರ ಸುತ್ತ ಸೇರಿದರು. ಮ್ಯಾನೇಜರು ಮಾವನವರ ಪಕ್ಕ ನಿಂತು, ಕಾರಿನ ಮೂತಿಯ ಮೇಲಿದ್ದ ಕಂಪನಿಯ ಮಾರ್ಕು ಚೆನ್ನಾಗಿ ಕಾಣುವಂತೆ ಫೋಟೊ ತೆಗೆಸಿಕೊಂಡರು. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕುತ್ತೇವೆಂದರು, ಹಾಗೇ ಹಾಕಿದರು ಕೂಡ. ಅತ್ತೆಯನ್ನು ಎಷ್ಟು ಕರೆದರೂ ಫೋಟೊಗೆ ಬರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬದ ಮರೆಯಲ್ಲಿ ನಿಂತುಬಿಟ್ಟರು. ನಾನು ಅದನ್ನು ನಾಚಿಕೆಯೆಂದು ತಿಳಿದೆ.

ಅದಾಗಿ ಎಷ್ಟೋ ವರ್ಷ ಕಳೆದ ಮೇಲೆ, ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ, ಅಮೆರಿಕದಲ್ಲಿ ನಮ್ಮ ಕಂಪನಿ ದಿವಾಳಿಯಾಗಿ ಕೋರ್ಟಿಗೆ ಹೋಯಿತೆಂದು ಟಿವಿಯಲ್ಲಿ ಬಂತು. ಮಾವನವರು ರಿಮೋಟು ಹಿಡಿದವರು ಹಾಗೇ ಕೂತರು. ಟೀ ಬೇಡ ಎಂದರು. ಮಾರನೆಯ ದಿನ ಗಿರಣಿಗೂ ಹೋಗಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಇರಲಾಗದೆ ನಂಜನಗೂಡಿಗೆ ಫೋನು ಮಾಡಿ ಅಪ್ಪನಿಗೆ ಹೇಳಿದೆ. ಭಾನುವಾರ ಬೆಳಿಗ್ಗೆ ಅಪ್ಪ ಬಸ್ಸಿಳಿದು ಬಂದ. ಹೆಗಲ ಮೇಲೆ ಬಿಳಿ ಟವಲು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಸಾವಿನ ಮನೆಗೆ ಬಂದವನಂತೆ ತಲೆ ತಗ್ಗಿಸಿ ಜಗಲಿಯ ಮೇಲೆ ಕೂತ. ಆಮೇಲೆ ನಿಧಾನವಾಗಿ ಕೇಳಿದ.

"ಎಷ್ಟು ವಯಸ್ಸಾಗಿತ್ತು ಬೀಗರೇ?"

"ಯಾರ್ಗೆ?"

"ಕಂಪನೀಗೆ."

ಮಾವನವರಿಗೆ ತಮಾಷೆಯೆಂದು ಹೊಳೆಯಲೇ ಇಲ್ಲ. "ನೂರು ದಾಟಿತ್ತು" ಎಂದರು.

"ತುಂಬು ಬಾಳು ಬುಡಿ. ನರಳಾಟ ಏನಾರ ಇತ್ತಾ?"

"ಮೂರ್ನಾಕು ವರ್ಷದಿಂದ ಇತ್ತು. ನಮ್ಗೆ ತಿಳೀನಿಲ್ಲ."

ಬಾಗಿಲ ಹಿಂದೆ ನಿಂತಿದ್ದ ನಾನು ನಗು ತಡೆಯಲಾಗದೆ ಹಿತ್ತಲಿಗೆ ಓಡಿದೆ. ನನ್ನ ಗಂಡ ಅಲ್ಲಿ ಆಗಲೇ ನಲ್ಲಿಯ ಹತ್ತಿರ ಮುಖ ತೊಳೆಯುವ ನೆಪದಲ್ಲಿ ಕೂತು ಭುಜ ಕುಲುಕಿಸುತ್ತಿದ್ದರು.

ಅದೇ ಭಾನುವಾರ ಮೈಸೂರಿನ ಒಬ್ಬ ಹಲ್ಲಿನ ಡಾಕ್ಟರು ಬಂದರು. ಹಳೆಯ ಕಾರುಗಳನ್ನು ಕೂಡಿಡುವ ಗೀಳಿನವರು. ಷೋರೂಮಿನ ಗೋಡೆಯಲ್ಲಿ ಫೋಟೊ ನೋಡಿದಂದಿನಿಂದ ಫೋನು ಮಾಡುತ್ತಲೇ ಇದ್ದರು. ಕಂಪನಿಯೇ ಮುಳುಗಿದ ಮೇಲೆ ಹಿರಿಯರು ಕಾರು ಮಾರಲು ಮನಸ್ಸು ಮಾಡಬಹುದೆಂದು ಆಸೆಯಿಂದ ಬಂದಿದ್ದರು. ಮಾವನವರು ಕಾರಿನ ಕಡೆ ಕೈ ತೋರಿಸಿ, ನೋಡಿಕೊಳ್ಳಿ ಎಂಬಂತೆ ತಲೆ ಆಡಿಸಿದರು. ನಾನೂ ಅಪ್ಪನೂ ಜೊತೆಗೆ ಹೋದೆವು.

ಡಾಕ್ಟರು ಬಾನೆಟ್ಟು ಎತ್ತಿಸಿ, ಜೇಬಿನ ಟಾರ್ಚು ಬಿಟ್ಟು, ದವಡೆ ಹಲ್ಲು ಹುಡುಕುವವರಂತೆ ಬಗ್ಗಿದರು. ಎಂಜಿನ್ನಿನ ಮೇಲೆ ಅಚ್ಚೊತ್ತಿದ್ದನ್ನು ಬಟ್ಟೆಯಿಂದ ಒರೆಸಿ ಓದಿದರು. ದೀಪಗಳನ್ನು, ಏಣುಗಳನ್ನು ಮುಟ್ಟಿ ನೋಡಿದರು. ಕೊನೆಗೆ ಸಣ್ಣ ದನಿಯಲ್ಲಿ ನನಗೆ ಹೇಳಿದರು.

"ಮೇಡಂ, ಫೋಟೊದಲ್ಲೇ ಅನುಮಾನ ಇತ್ತು. ಇದು ಆ ಕಂಪನಿ ಕಾರಲ್ಲ. ಇದು ಅದರ ಎದುರಾಳಿ, ಇನ್ನೊಂದು ಕಂಪನೀದು. ಮುಂದೆ ಇರೋ ಮಾರ್ಕು ಮಾತ್ರ ಅವರದ್ದು, ಅದೂ ಲಾರೀದು."

ನನ್ನ ಬಾಯಿ ತೆರೆದದ್ದು ತೆರೆದಂತೆ ಇತ್ತು. ದಾಯಾದಿಯ ಕಾರು. ಇಷ್ಟು ವರ್ಷ, ಹಾರ ಹಾಕಿಸಿಕೊಂಡು, ಷೋರೂಮಿನ ಗೋಡೆ ಹತ್ತಿ. ಇದನ್ನು ಮಾವನವರಿಗೆ ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಅಪ್ಪ ಟವಲು ಸರಿಮಾಡಿಕೊಂಡು ಕೂಗಿಯೇಬಿಟ್ಟ. "ಬೀಗರೇ, ಒಸಿ ಬನ್ನಿ ಇಲ್ಲಿ. ಡಾಕ್ಟ್ರು ಏನೋ ಏಳ್ತಾವ್ರೆ."

ಮಾವನವರು ಬಂದರು. ಡಾಕ್ಟರು ಮುಜುಗರದಿಂದ ಇನ್ನೊಮ್ಮೆ ಹೇಳಿದರು. ಮಾವನವರು ಕಾರಿನ ಸುತ್ತ ಒಂದು ಸುತ್ತು ಬಂದರು. ಮೂತಿಯ ಮುಂದೆ ನಿಂತು ಆ ಮಾರ್ಕನ್ನು ಪಂಚೆಯ ಅಂಚಿನಿಂದ ಒರೆಸಿದರು. ಅಪ್ಪ ಕಾಯುತ್ತಿದ್ದ. ನನಗೆ ಮೊದಲ ಸಲ ಆ ಹಿರಿಯರ ಮುಖ ನೋಡಿ ನಗು ಬರಲಿಲ್ಲ.

"ಡಾಕ್ಟ್ರೇ" ಎಂದರು ಮಾವನವರು, "ಆ ಇನ್ನೊಂದು ಕಂಪನಿ ಈಗ ಎಂಗದೆ?"

"ಅದಕ್ಕೂ ಕಷ್ಟ ಇದೆ ಸರ್. ಆದ್ರೆ ದಿವಾಳಿ ಆಗಲಿಲ್ಲ. ಇವರಂಗೆ ಸರ್ಕಾರದ ಹತ್ರ ಹೋಗ್ದೆ ನಿಂತ್ಕೊಂಡಿದೆ."

ಮಾವನವರ ಬೆನ್ನು ನೆಟ್ಟಗಾಯಿತು. ಅಪ್ಪನ ಕಡೆ ತಿರುಗಿದರು. "ಬೀಗರೇ, ಆ ಬಿಳೀ ಟವಲ್ಲು ತಗ್ದು ಒಳಗಿಡಿ. ನಮ್ಮನೇಲಿ ಯಾರೂ ಸತ್ತಿಲ್ಲ."

ಅಪ್ಪ ಟವಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ಅವ್ವ, ಬೀಗರು ಬಂದವ್ರೆ, ಡಾಕ್ಟ್ರು ಬಂದವ್ರೆ, ಒಂದು ಶಾವ್ಗೆ ಪಾಯ್ಸ ಮಾಡವ್ವ" ಎಂದು ನನಗೆ ಹೇಳಿ ಮಾವನವರು ಜಗಲಿಗೆ ನಡೆದರು. ಡಾಕ್ಟರು ಹಿಂದೆಯೇ ಹೋಗಿ, ಕಾರು ಕೊಡದಿದ್ದರೆ ಬೇಡ, ಸರಿಯಾದ ಮಾರ್ಕನ್ನಾದರೂ ಹುಡುಕಿ ತಂದು ಕೂರಿಸಿಕೊಡುತ್ತೇನೆಂದರು.

"ಇದೇ ಇರ್ಲಿ ಬುಡಿ" ಎಂದರು ಮಾವನವರು. "ಉಟ್ಟಿದ್ಮನೆ ಒಂದು, ಸೇರಿದ್ಮನೆ ಒಂದು. ಯಾವ ಎಣ್ಮಗ್ಳಿಗೆ ಇಲ್ದೇ ಇರೋದು ಇದಕ್ಕೆ ಬಂದದೆ?"

ಅಡುಗೆಮನೆಗೆ ಬಂದರೆ ಅತ್ತೆ ಆಗಲೇ ಹಾಲು ಕಾಯಲು ಇಟ್ಟಿದ್ದರು. ಯಾರೂ ಹೋಗಿ ಹೇಳಿರಲಿಲ್ಲ, ಆದರೂ ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ನಿಮ್ಗೆ ಮೊದ್ಲೇ ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನು. ನಮ್ಮಣ್ಣನೇ ಅಲ್ವಾ ಮಾಡಿದ್ದು. ಇವ್ರು ಕೇಳಿದ್ ಕಾರು ಎಲ್ಲೂ ಸಿಗ್ನಿಲ್ಲ. ಸಿಕ್ಕಿದ್ದು ಇದು. ಕಾಗ್ದ ಪತ್ರ ಎಲ್ಲ ಅವ್ನೇ ನೋಡ್ಕತಿದ್ದ."

"ಮತ್ತೆ ಆ ಮಾರ್ಕು?"

ಅತ್ತೆ ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಗಿರಣಿ ಇಂದೆ ಇವ್ರಪ್ಪನ ಲಾರಿ ತುಕ್ಕಿಡಿದು ಬಿದ್ದಿತ್ತು. ಗುಜರೀಗೆ ಆಕೋ ಮುಂಚೆ ನಮ್ಮಣ್ಣ ಅದ್ರಿಂದ ಕಿತ್ತು ಇದಕ್ಕೆ ಜಡ್ದ. ಅದೊಂದು ಇವ್ರಿಗೆ ಏಳ್ಬೇಡ ಕಣವ್ವ. ಅಪ್ಪನ ಲಾರೀದು ಅಂತ ತಿಳುದ್ರೆ ಕೂತ್ಕೊಂಡು ಅಳ್ತಾರೆ."

"ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

"ಬಾಯಿ ಬುಡಕ್ಕೆ ಎಲ್ಲಿ ಬುಟ್ರು? ಅವ್ರು ಮಾತಾಡಿ ಮುಗ್ಸಿದ್ಮೇಲಲ್ವಾ ನಾನು ಮಾತಾಡೋದು?"

ಜಗಲಿಯಿಂದ ಮಾವನವರ ದನಿ ಕೇಳಿಬಂತು. "ಆ ಮಹಾನುಭಾವ ರೈತನ ಮಗ ಬೀಗರೇ. ಉತ್ತು ಬಿತ್ತೋರ ಮನೇಲಿ ಉಟ್ಟಿದ್ದು. ಎಲ್ಲಾ ಕಾರ್ಗೂ ಒಂದೇ ಬಣ್ಣ. ಅಂಥಾ ನಿಯತ್ತು." ಅಪ್ಪ ಬಸ್ಸಿನ ಹೊತ್ತಾಯಿತೆಂದು ಏಳಲು ನೋಡಿದ್ದು, ಮಾವನವರು ಪಾಯಸ ಕುಡಿಯದೆ ಹೇಗೆ ಹೋಗುತ್ತೀರೆಂದು ಕೈಹಿಡಿದು ಕೂರಿಸಿದ್ದು ಒಳಗಿದ್ದ ನಮಗೂ ತಿಳಿಯಿತು. ಅತ್ತೆ ಒಲೆಯ ಉರಿಯನ್ನು ಸಣ್ಣದು ಮಾಡಿದರು. "ಅವಸರ ಏನಿಲ್ಲ" ಎಂದು ನನ್ನ ಕೈಗೆ ದ್ರಾಕ್ಷಿ ಗೋಡಂಬಿಯ ಬಟ್ಟಲು ಕೊಟ್ಟರು. "ನಿಮ್ಮಪ್ಪ ಒಂದಷ್ಟು ಕೇಳ್ಕಳ್ಲಿ."