ಹಗೇವಿನೊಳಗೆ ಬಿದ್ದ ಬೆಳಕು

ಮಕ್ಕಳಿಗೆ ಗ್ಯಾಲಕ್ಸಿ ಅಂದರೇನು ಅಂತ ಹೇಳುವುದು ಸುಲಭ ಎಂದು ಯಾರಾದರೂ ಅಂದರೆ ನಂಬಬೇಡಿ. ಐದು, ಹತ್ತು, ಹದಿನಾಲ್ಕು ವರ್ಷದ ಮೂವರನ್ನು ಒಟ್ಟಿಗೆ ಕೂರಿಸಿಕೊಂಡು ಹೇಳಿ ನೋಡಿ. ಹೋದ ಬೇಸಿಗೆಯಲ್ಲಿ ಜಕ್ಕಲಿಯ ತವರುಮನೆಯಲ್ಲಿ ಅಣ್ಣನ ಮಕ್ಕಳಿಗೆ ನಾನು ಹೇಳಿದೆ.

ಅವತ್ತು ಅಣ್ಣ ಹಿತ್ತಲಿನ ಹಗೇವು ತೆರೆದಿದ್ದ. ನೋಡದವರಿಗೆ ಹೇಳುತ್ತೇನೆ: ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಬಹಳ ಕಾಲ ಮುಚ್ಚಿಟ್ಟರೆ ಒಳಗಿನ ಗಾಳಿ ಕೆಡುತ್ತದೆ, ಇಳಿದವರು ಉಸಿರುಕಟ್ಟಿ ಅಲ್ಲೇ ಬೀಳುತ್ತಾರೆ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು. ಬೆಳಿಗ್ಗೆ ಇಳಿಬಿಟ್ಟಾಗ ಆರಿಹೋಗಿತ್ತು. ಸಂಜೆವರೆಗೆ ಗಾಳಿಯಾಡಲಿ ಎಂದು ಅಣ್ಣ ಬಾಯಿಗೆ ಜಾಲಿಮುಳ್ಳಿನ ಕೊಂಬೆ ಎಳೆದಿಟ್ಟಿದ್ದ.

ಮಧ್ಯಾಹ್ನ ಪಡಸಾಲೆಯಲ್ಲಿ ಮಕ್ಕಳು ನನ್ನ ಫೋನಿನಲ್ಲಿ ಗ್ಯಾಲಕ್ಸಿಯ ಚಿತ್ರ ನೋಡಿ ಇದೇನೆಂದು ಗಂಟುಬಿದ್ದವು. ನಾನು ಮೊರದಲ್ಲಿ ಜೋಳ ಹಾಕಿ ತಿರುಗಿಸಿದೆ.

"ಒಂದೊಂದ ಕಾಳ ಒಂದೊಂದ ಸೂರ್ಯ ಅನ್ಕೋರಿ. ಎಲ್ಲಾ ಕೂಡೇ ತಿರಗತಾವ. ಈ ಅಂಚಿನ ಕಡೆ ಇರೂದು ನಮ್ಮ ಸೂರ್ಯ."

"ಅಂದ್ರ ನಾವು ಆ ಕಾಳಿಗೆ ಹತ್ತಿದ ನುಸಿ," ಎಂದ ಹತ್ತು ವರ್ಷದವನು.

"ನೀ ಅಂತೂ ಹೌದು ಬಿಡು."

ಐದು ವರ್ಷದವಳು ಮೊರದ ಮೇಲೆ ಬಗ್ಗಿದಳು. "ನಡುವ ಏನೈತಿ ಅತ್ತಿ?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡವಳು ಹೇಳಿದಳು. "ಬ್ಲ್ಯಾಕ್ ಹೋಲ್. ಅದರಾಗ ಏನ್ ಬಿದ್ರೂ ವಾಪಸ್ ಬರೂದಿಲ್ಲ. ಬೆಳಕ ಸೈತ ಬರೂದಿಲ್ಲ."

"ಹ್ಯಾಂಗ ಇರ್ತೈತಿ ಅದು?"

"ನಮ್ಮ ಹಗೇವ ಇದ್ದಂಗ."

ಹೋಲಿಕೆ ಚೆನ್ನಾಗಿದೆ ಅನ್ನಿಸಿ ಎಲ್ಲರೂ ನಕ್ಕೆವು. ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗಿನಿಂದ ಚಹಾಕ್ಕೆ ಕರೆದರು. ಚಹಾ ಕೈಗೆ ಬರುವಷ್ಟರಲ್ಲಿ ಸಣ್ಣವಳು ಅಲ್ಲಿರಲಿಲ್ಲ. ನನ್ನ ಫೋನೂ ಇರಲಿಲ್ಲ.

ಎರಡೂ ಒಟ್ಟಿಗೆ ಇಲ್ಲ ಎಂದು ತಿಳಿದ ಕ್ಷಣ ದೊಡ್ಡವಳ ಮುಖ ನೋಡಿದೆ. "ಹಗೇವ," ಎಂದಳು. ನಾನು ಹಿತ್ತಲಿಗೆ ಓಡಿದೆ.

ಮುಳ್ಳಿನ ಕೊಂಬೆ ಪಕ್ಕಕ್ಕೆ ಸರಿದಿತ್ತು. ಹಗೇವಿನ ಬಾಯಲ್ಲಿ ಒಂದು ಸಣ್ಣ ಚಪ್ಪಲಿ. ಹೊಟ್ಟೆಯ ಮೇಲೆ ಮಲಗಿ ಇಣುಕಿದೆ. ಕೆಳಗೆ, ಜೋಳದ ಮೇಲೆ, ನನ್ನ ಫೋನಿನ ಟಾರ್ಚು ಉರಿಯುತ್ತಿತ್ತು. ಸುತ್ತ ಕಾಳು ಬಿಟ್ಟರೆ ಏನೂ ಕಾಣಲಿಲ್ಲ. ಆದರೆ ಹಗೇವು ಒಳಗೆ ಅಗಲ, ಅಂಚುಗಳು ಮೇಲಿನಿಂದ ಕಾಣುವುದಿಲ್ಲ. ಕೂಗಿದೆ. ನನ್ನ ದನಿಯೇ ದಪ್ಪವಾಗಿ ಮೇಲೆ ಬಂತು.

ಅಣ್ಣ ಬಂದವನೇ ಅಂಗಿ ಕಳಚಿದ. "ಆಕಡೆ ಸರಿ. ಇಳೀತೀನಿ."

"ಇಳೀಬ್ಯಾಡ್ರಿ, ಕಂದೀಲ ಬಿಡ್ರಿ ಮೊದಲ," ವೈನಿ ಅವನ ಧೋತರ ಹಿಡಿದರು.

"ಬೆಳಕ ಉರ್ಯಾಕತ್ತೈತಿ, ಕಾಣವಲ್ದೇನ? ಗಾಳಿ ಚಲೋ ಐತಿ."

"ಅದು ಫೋನಿಂದರಿ. ಅದಕ್ಕೇನ ಉಸರ ಬೇಕನ?"

ಅಣ್ಣ ಕಾಲು ಒಳಗೆ ಬಿಟ್ಟೇಬಿಟ್ಟಿದ್ದ. ನಾನು ಒಂದು ತೋಳು, ವೈನಿ ಒಂದು ತೋಳು ಜಗ್ಗಿ ಹಿಡಿದೆವು. ಹತ್ತು ವರ್ಷದವನು ಕಂದೀಲು ಹಚ್ಚಿ ತಂದ. ಇಳಿಬಿಟ್ಟೆವು. ಅರ್ಧಕ್ಕೆ ಹೋಗುತ್ತಿದ್ದಂತೆ ಉರಿ ಕುಗ್ಗಿತು, ನೀಲಿಯಾಯಿತು, ಆರಿತು. ಅದರ ಕೆಳಗೆ ನನ್ನ ಫೋನು ಮಾತ್ರ ಏನೂ ಆಗದವರ ಹಾಗೆ ಬೆಳಗುತ್ತಲೇ ಇತ್ತು. ಕೂಸು ಒಳಗಿದ್ದರೆ ಇಷ್ಟು ಹೊತ್ತಿಗೆ ಮುಗಿದಿದೆ. ಮೂವರಿಗೂ ಅದು ಗೊತ್ತು. ಆದರೂ ಅಣ್ಣ ಕಾಲು ಮೇಲೆಳೆದುಕೊಳ್ಳಲಿಲ್ಲ.

"ಅಪ್ಪಾ, ಇಲ್ಲಿ ಅದಾಳ."

ದೊಡ್ಡವಳ ದನಿ ಮನೆಯ ಕಡೆಯಿಂದ ಬಂತು. ಕಡಲೆ ಚೀಲಗಳ ಸಂದಿಯಿಂದ ತಂಗಿಯನ್ನು ಎಳೆದು ತಂದು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿದ್ದಳು. ವೈನಿ ಓಡಿಹೋಗಿ ಹೊಡೆಯಲು ಕೈ ಎತ್ತಿದರು. ಮಗುವಿನ ಹಿಮ್ಮಡಿಯಲ್ಲಿ ಮುಳ್ಳು ಕಂಡು ಅಲ್ಲೇ ಕುಸಿದು ಕೂತು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಬೆಳಕ ವಾಪಸ್ ಬರ್ತೈತೇನಂತ ನೋಡಾಕ ಹೋಗಿದ್ನಿ," ಎಂದಳು ಸಣ್ಣವಳು. "ಫೋನ್ ಜಾರಿತು. ಅತ್ತಿ ಬೈತಾಳಂತ ಅಡಗಿದ್ನಿ."

ನಾನು ಬೈಯಲಿಲ್ಲ. ಏನಾದರೂ ಹೇಳಬೇಕಿತ್ತಲ್ಲ, ಹೇಳಿದೆ: "ಆ ಬ್ಲ್ಯಾಕ್ ಹೋಲ್ ಭಾಳ ದೂರ ಐತವ್ವ. ನಮ್ಮನ್ನೇನೂ ಮಾಡೂದಿಲ್ಲ. ಅಂಜಬ್ಯಾಡ."

ಅವಳು ಹಗೇವಿನ ಕಡೆ ನೋಡಿದಳು.

"ಇದು ಇಲ್ಲೇ ಐತೆಲ್ಲ, ಅತ್ತಿ."

ಅಣ್ಣ ಎದ್ದ. ಇಬ್ಬರು ಗಂಡಸರು ಸರಿಸುವ ಮುಚ್ಚುಗಲ್ಲನ್ನು ಒಬ್ಬನೇ ದೂಡತೊಡಗಿದ. ಜೋಳ ಒಳಗೇ ಉಳಿಯಿತು. ಕಲ್ಲು ಪೂರ್ತಿ ಕೂಡುವ ತನಕ ಸಂದಿಯಲ್ಲಿ ನನ್ನ ಫೋನಿನ ಬೆಳಕು ಕಾಣುತ್ತಿತ್ತು. ತಡಿ ಅಂತ ನಾನು ಅನ್ನಲಿಲ್ಲ.